ಶ್ರೀಲಕ್ಷ್ಮಿಯ ಕೊನೆಯ ಗೋಲು

ನನ್ನ ಮಗಳು ಶ್ರೀಲಕ್ಷ್ಮಿ ಐಸ್ ಹಾಕಿ ಆಡುತ್ತಾಳೆ ಎಂದಾಗ ಆಕ್ಲೆಂಡಿನ ಪಾಪಟೋಟೊಯಿ ಬಡಾವಣೆಯ ನಮ್ಮವರೆಲ್ಲ ನಕ್ಕಿದ್ದರು. ಮೈಸೂರಿನವರಿಗೆ ಐಸ್ ಎಂದರೆ ಕಬ್ಬಿನ ಹಾಲಿಗೆ ಹಾಕುವ ತುಂಡು, ಅಷ್ಟೇ. ಏಳು ವರ್ಷಕ್ಕೆ ಇಲ್ಲಿಗೆ ಬಂದವಳು ಒಂಬತ್ತಕ್ಕೆ ಯಾರದೋ ಹುಟ್ಟುಹಬ್ಬದಲ್ಲಿ ಸ್ಕೇಟ್ಸ್ ಕಟ್ಟಿದಳು; ಬಿಚ್ಚಿಸುವುದು ನನ್ನಿಂದಾಗಲಿಲ್ಲ. ಹದಿನಾರಕ್ಕೆ ಆಕ್ಲೆಂಡ್ ತಂಡದ ಫಾರ್ವರ್ಡ್, ಹತ್ತೊಂಬತ್ತಕ್ಕೆ ದೇಶದ ಜೆರ್ಸಿ, ಆಮೇಲೆ ಎರಡು ವರ್ಷ ಸ್ವೀಡನ್ನಿನಲ್ಲಿ ಸಂಬಳಕ್ಕೆ ಆಟ. ನಕ್ಕವರೇ ಈಗ ಮಕ್ಕಳನ್ನು ಕರೆತಂದು ಅವಳ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಒಳಗೊಳಗೇ ಉಬ್ಬುತ್ತೇನೆ, ಸುಳ್ಳೇಕೆ ಹೇಳಲಿ.

ಇಲ್ಲಿ ಕ್ಲಬ್ಬು ನಡೆಯುವುದೇ ಅಪ್ಪ ಅಮ್ಮಂದಿರ ದುಡಿಮೆಯಿಂದ. ನಮ್ಮ ಯಜಮಾನರು ಕೇಶವಮೂರ್ತಿ, ವಿಮಾನದ ಇಂಜಿನ್ ರಿಪೇರಿಯವರು. ಪಂದ್ಯದ ಗಡಿಯಾರ ಹದಿನೈದು ವರ್ಷದಿಂದ ಅವರ ಕೈಯಲ್ಲಿ. ರೆಫರಿ ಪಕ್ ಎಂಬ ರಬ್ಬರ್ ಬಿಲ್ಲೆ ಬೀಳಿಸಿದ ಕೂಡಲೇ ಗುಂಡಿ ಒತ್ತಬೇಕು, ಸೀಟಿ ಊದಿದರೆ ನಿಲ್ಲಿಸಬೇಕು. ಪಕ್ಕದಲ್ಲಿ ಗೋಲಿನ ಹಾಳೆ ಬರೆಯುವವಳು ನಾನು.

ಕಳೆದ ಆಗಸ್ಟಿನ ಒಂದು ಭಾನುವಾರ ಅವಳ ಕೊನೆಯ ಪಂದ್ಯ. ಇಪ್ಪತ್ತೊಂಬತ್ತು ವಯಸ್ಸು, ಎರಡು ಸಲ ಆಪರೇಷನ್ ಆದ ಮೊಣಕಾಲು. ಇನ್ನು ಸಾಕು ಎಂದು ಡಾಕ್ಟರು ಹೇಳಿಯಾಗಿತ್ತು. ಎಲ್ಲ ಸಿಕ್ಕಿದ್ದವಳಿಗೆ ಲೀಗಿನ ಕಪ್ ಒಂದು ಮಾತ್ರ ಸಿಕ್ಕಿರಲಿಲ್ಲ. ಅವತ್ತು ಡ್ರಾ ಆದರೂ ಪಾಯಿಂಟಿನ ಮೇಲೆ ಕಪ್ ನಮ್ಮದೇ. ಆದರೆ ಒಂದು ಗೋಲು ಹಿಂದಿದ್ದೆವು, ಉಳಿದದ್ದು ನಾಲ್ಕು ಸೆಕೆಂಡು.

ಎದುರಾಳಿಗಳ ಗೋಲಿನ ಹತ್ತಿರವೇ ರೆಫರಿ ಪಕ್ ಹಿಡಿದು ಬಾಗಿದ. ಪಕ್ಕಕ್ಕೆ ತಿರುಗಿದರೆ ಈ ಮನುಷ್ಯ ಕಣ್ಣು ಮುಚ್ಚಿ ಚಾಮುಂಡೇಶ್ವರಿಗೆ ಕೈ ಮುಗಿದು ಕೂತಿದ್ದಾರೆ! ಎರಡೂ ಕೈ! ಪಕ್ ಬಿದ್ದಾಗಿತ್ತು. "ರೀ!" ಎಂದು ತಿವಿದೆ. ಅವರು ಗುಂಡಿ ಒತ್ತುವಷ್ಟರಲ್ಲಿ ಎರಡು ಸೆಕೆಂಡು ಹೋಗಿತ್ತು. ಪಕ್ ಯಾರದೋ ಕಾಲಿಗೆ ಬಡಿದು ಹೊರಬಂತು, ಮಗಳು ಹೊಡೆದಳು, ಬಲೆ ಅಲುಗಿತು. ಬೋರ್ಡಿನಲ್ಲಿ ಇನ್ನೂ ಒಂದು ಸೆಕೆಂಡು ತೋರಿಸುತ್ತಿತ್ತು. ಸರಿಯಾಗಿ ಒತ್ತಿದ್ದರೆ ಆಟ ಆಗಲೇ ಮುಗಿದಿರುತ್ತಿತ್ತು.

ತಂಡದವರೆಲ್ಲ ಅವಳ ಮೇಲೆ ಬಿದ್ದು ಕಿರುಚುತ್ತಿದ್ದರು. ಇವರು ಎದ್ದರು. ನಾನು ಜಾಕೆಟ್ ಹಿಡಿದೆಳೆದೆ.

"ಸುಮ್ನೆ ಕೂತ್ಕೊಳ್ಳಿ. ಯಾರೂ ನೋಡಿಲ್ಲ."

"ನೀನು ನೋಡಿದೀಯಲ್ಲ, ಲೀಲಾ."

"ನಾನು ಅವಳ ತಾಯಿ ಕಣ್ರೀ!"

"ನನ್ನ ತಪ್ಪು ಅವಳ ಹೆಸರಲ್ಲಿ ಇರೋದು ಬೇಡ," ಎಂದವರೇ ಐಸಿನ ಕಡೆಯ ಬಾಗಿಲು ತೆಗೆದು ರೆಫರಿಯನ್ನು ಕರೆದರು. ಅವನು ಕೇಳಿಸಿಕೊಂಡ, ಗೋಲು ಇಲ್ಲ, ಆಟ ಮುಗಿಯಿತು ಎಂದು ಕೈ ಬೀಸಿದ. ನಾನು ಆಗಲೇ ಬರೆದಿದ್ದ ಅವಳ ಹೆಸರನ್ನು ನಾನೇ ಹೊಡೆದುಹಾಕಬೇಕಾಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ! ಮೂವತ್ತು ವರ್ಷದ ಸಂಸಾರದಲ್ಲಿ ಅವರ ಮೇಲೆ ಅಷ್ಟು ಸಿಟ್ಟು ಬಂದಿರಲಿಲ್ಲ.

ಕಾರಿನಲ್ಲಿ ಮನೆಗೆ ಹೊರಟೆವು. ಇಪ್ಪತ್ತು ವರ್ಷದಿಂದ ನಮಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗಳು ಹಿಂದಿನ ಸೀಟಿನಿಂದ ಕನ್ನಡದಲ್ಲಿ ಕೇಳಿದಳು, "ಅಮ್ಮ, ನೀನೂ ನೋಡ್ದೆ ಅಲ್ವಾ?"

"ಹೂಂ."

"ಅಪ್ಪ ಹೇಳ್ದೇ ಇದ್ದಿದ್ರೆ ನೀನು ಹೇಳ್ತಿದ್ಯಾ?"

"ಇಲ್ಲ."

ಅವಳು ಅಳತೊಡಗಿದಳು. ಇವರು ಕಾರು ಪಕ್ಕಕ್ಕೆ ನಿಲ್ಲಿಸಿ, "ತಪ್ಪಾಯ್ತು ಪುಟ್ಟಿ, ಕೈ ಗುಂಡಿ ಮೇಲೇ ಇರ್ಬೇಕಿತ್ತು," ಎಂದರು.

ಹಿಂದಿನಿಂದ ಅವಳ ಕೈ ಬಂದು ಅವರ ಹೆಗಲ ಮೇಲೆ ಕೂತಿತು. ನನ್ನ ಹೆಗಲಿಗೆ ಬರಲಿಲ್ಲ. ಬರಲಿ ಎಂದು ಕೇಳುವ ಮುಖವೂ ನನಗಿರಲಿಲ್ಲ.