ಗುಡಿಸಿ ಚೆಲ್ಲಿದ ಎಲುಬಿನ ಪುಡಿ

ಕಳೆದ ವಾರ ಬಿಬವೇವಾಡಿಯ ನರ್ಸರಿಯಲ್ಲಿ ಗುಲಾಬಿಗೆ ಗೊಬ್ಬರ ಕೇಳಿದೆ. ಮಾಲಿ ಚೀಲದ ಬಾಯಿ ಬಿಚ್ಚಿದ. ಒಣಗಿದ, ತುಸು ಕಮಟಾದ ವಾಸನೆ ಮೂಗಿಗೆ ಬಡಿಯಿತು. "ಬೋನ್‌ಮೀಲ್ ಆಹೆ, ಆಜೀ" ಎಂದ ಮರಾಠಿಯಲ್ಲಿ. ಎಲುಬಿನ ಪುಡಿ ಎಂದು ಅವನು ಹೇಳಬೇಕಿರಲಿಲ್ಲ. ನಲವತ್ತು ವರ್ಷಗಳ ಹಿಂದೆ ಈ ವಾಸನೆಯನ್ನು ನಾನೇ ಪೊರಕೆ ಹಿಡಿದು ಅಂಗಳದಿಂದ ಓಡಿಸಿದ್ದೆ...

ಎಂಬತ್ತರ ದಶಕದ ಮೊದಲ ವರ್ಷಗಳು. ನನ್ನ ಗಂಡ ಅಂಗಳದ ಮೂಲೆಯಲ್ಲಿ ಹಳೆಯ ಲಾರಿ ಬ್ಯಾಟರಿಗಳನ್ನು ಒಡೆದು, ಒಳಗಿನ ಸೀಸ ಕರಗಿಸಿ ಮಾರುತ್ತಿದ್ದರು. ಧಾರವಾಡದ ಕಡೆಯಿಂದ ಇಲ್ಲಿಗೆ ಬಂದ ನಮ್ಮದು ತತ್ತಿಯ ಸಿಪ್ಪೆಯೂ ಹೊಸಿಲು ದಾಟಬಾರದ ಮನೆತನ. ಸೀಸಕ್ಕೆ ಮಾತ್ರ ಮೈಲಿಗೆ ಇರಲಿಲ್ಲ.

ಪಕ್ಕದ ಮನೆಯಲ್ಲಿ ಬೆಳಗಾವಿಯ ಕಡೆಯ ಕೆಮಿಸ್ಟ್ರಿ ಮಾಸ್ತರು ಒಬ್ಬರೇ ಇದ್ದರು. ಎರಡು ವರ್ಷದ ನನ್ನ ಮಗ ಅಂಗಳದ ಮಣ್ಣು ತಿನ್ನುವುದನ್ನು ಮೊದಲು ಕಂಡವರು ಅವರು. ಹೊಟ್ಟೆನೋವೆಂದು ಅವನು ಅತ್ತಾಗಲೆಲ್ಲ ನಾವು ದೃಷ್ಟಿ ತೆಗೆಯುತ್ತಿದ್ದೆವು! ಅದು ಸೀಸದ ವಿಷವೆಂದು ಮಾಸ್ತರು ದಿನಾ ಜಗಳವಾಡಿ, ಭಟ್ಟಿಯನ್ನು ಊರ ಹೊರಗಿನ ಶೆಡ್ಡಿಗೆ ಸಾಗಿಸುವ ತನಕ ನನ್ನ ಗಂಡನನ್ನು ಬಿಡಲಿಲ್ಲ. ಆದರೆ ಸೀಸ ಮಣ್ಣಿನಲ್ಲೇ ಉಳಿದಿತ್ತು.

ಒಂದು ದಿನ ಅವರು ಗಾಜಿನ ಲೋಟದಲ್ಲಿ ತಿಳಿನೀರು ತಂದರು. "ಇದರಾಗ ಸೀಸ ಕರಗೇದ್ರಿ, ಕಾಣಂಗಿಲ್ಲ" ಎನ್ನುತ್ತ ಫಾಸ್ಫೇಟ್ ಬೆರೆತ ನೀರನ್ನು ಹನಿಸಿದರು. ಸೀಸ ಬಿಳಿ ಪುಡಿಯಾಗಿ ತಳಕ್ಕಿಳಿಯಿತು. "ನೋಡ್ರಿ, ಕೂತಬಿಡ್ತು. ಇನ್ನ ಸುಲಭಕ್ಕ ಕರಗಂಗಿಲ್ಲ, ಮೈಗೂ ಅಷ್ಟ ಹತ್ತಂಗಿಲ್ಲ. ಎಲುಬಿನ ಪುಡಿಯೊಳಗೂ ಇದೇ ಫಾಸ್ಫೇಟ್ ಅದ. ಅಂಗಳದ ಮಣ್ಣಾಗ ಕಲಸಿ, ಮ್ಯಾಲೆ ಹೊಸಾ ಮಣ್ಣು ಹಾಕೋಣು."

ಎಲುಬು! ದೇವರ ಮನೆಯ ಎದುರಿನ ಅಂಗಳದಲ್ಲಿ! ಅತ್ತೆ ಕಿವಿ ಮುಚ್ಚಿಕೊಂಡು ಒಳಗೆ ಹೋದರು. ಮಾಸ್ತರು ನನ್ನತ್ತ ತಿರುಗಿ ಮೆಲ್ಲಗೆ ಹೇಳಿದರು: "ತಂಗೀ, ಸೀಸಕ್ಕ ಎಲುಬು ಬೇಕು. ಅಂಗಳದಾಗ ಸಿಗಲಿಲ್ಲಂದ್ರ ಕೂಸಿನ ಎಲುಬಿನ್ಯಾಗ ಹೋಗಿ ಕೂಡತದ."

ನಾನು ತಲೆಯಾಡಿಸಿದೆ. ಅದನ್ನೇ ಒಪ್ಪಿಗೆ ಎಂದುಕೊಂಡರೋ ಏನೋ... ಚೈತ್ರದಲ್ಲಿ ನಾವೆಲ್ಲ ಊರಿಗೆ ಹೋಗಿ ಬರುವಷ್ಟರಲ್ಲಿ ಚೀಲಗಟ್ಟಲೆ ಪುಡಿ ತರಿಸಿ, ತಾವೇ ಅಂಗಳ ಅಗೆದು ಕಲಸಿದ್ದರು. ಹೊಸ ಮಣ್ಣಿನ ಗಾಡಿ ಮರುದಿನ ಬರುವುದಿತ್ತು. ವಾಸನೆ ಹಿಡಿದ ಅತ್ತೆ, ಅಂಗಳ ಶುದ್ಧವಾಗುವ ತನಕ ಮನೆಯೊಳಗೆ ಕಾಲಿಡುವುದಿಲ್ಲವೆಂದು ಬೀದಿಯಲ್ಲೇ ನಿಂತರು. ಪೊರಕೆ ನನ್ನ ಕೈಗೆ ಬಂತು. ಕೆರೆದೆ, ಗುಡಿಸಿದೆ, ಕಂಡಷ್ಟು ಪುಡಿಯನ್ನು ಬುಟ್ಟಿ ತುಂಬಿ ನಾಲೆಗೆ ಚೆಲ್ಲಿದೆ. ಎದ್ದ ಸೀಸದ ಧೂಳು ಹಾಸಿಗೆ, ಪಾತ್ರೆಗಳ ಮೇಲೆಲ್ಲ ಕೂತಿತು. ಆಮೇಲೆ ಸೆಗಣಿ ಸಾರಿಸಿ ರಂಗೋಲಿ ಬೇರೆ ಹಾಕಿದೆ. ಮಗ ಆ ಧೂಳಿನಲ್ಲೇ ಕೂತು ಚಪ್ಪಾಳೆ ತಟ್ಟುತ್ತಿದ್ದ.

ಮಾಸ್ತರು ಗೇಟಿನಾಚೆ ನಿಂತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. "ಕೂಸಿನ್ನರೆ ಒಳಗ ಕರಕೋರಿ" ಎಂದಷ್ಟೇ ಹೇಳಿದರು. ಅತ್ತೆ ಮರುದಿನ ಬಂದ ಮಣ್ಣಿನ ಗಾಡಿಯನ್ನೂ ಹಿಂದಕ್ಕೆ ಕಳಿಸಿ, ಕೇರಿಗೆಲ್ಲ ಎಲುಬಿನ ಸುದ್ದಿ ಹಬ್ಬಿಸಿದರು. ಯಾರೂ ಅವರ ಮನೆಯ ಚಹಾ ಕುಡಿಯದಂತಾಯಿತು. ವರ್ಷದೊಳಗೆ ಅವರು ಮನೆ ಖಾಲಿ ಮಾಡಿದರು. ಎಲ್ಲಿಗೆ ಹೋಗುತ್ತೀರಿ ಎಂದು ಕೇಳುವ ಮುಖ ನನಗಿರಲಿಲ್ಲ.

ಈಗ ಅತ್ತೆ ಇಲ್ಲ, ಗಂಡ ಇಲ್ಲ. ಅಂಗಳವಿದ್ದಲ್ಲಿ ಫ್ಲಾಟುಗಳೆದ್ದಿವೆ. ನಲವತ್ತು ದಾಟಿದ ಮಗನ ಅಂಗಿಯ ಗುಂಡಿಯನ್ನು ಇವತ್ತಿಗೂ ನಾನೇ ಹಾಕುತ್ತೇನೆ. ಕಾರಣ ಆ ಸೀಸವೇ ಎಂದು ಯಾವ ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ನನಗೆ ಯಾರೂ ಹೇಳಬೇಕಾಗಿಲ್ಲ.

ಬಾಲ್ಕನಿಯಲ್ಲಿ ಕುಂಡಕ್ಕೆ ಪುಡಿ ಕಲಸುತ್ತಿದ್ದಾಗ ಅವನು ಬಂದು, "ಅವ್ವಾ, ಇದೇನ?" ಎಂದ.

"ಎಲುಬಿನ ಪುಡಿ."

"ಛೀ, ಹೊಲಸು! ಗುಡಿಸು" ಎಂದು ಮೂಗು ಮುಚ್ಚಿಕೊಂಡ. ನಮ್ಮಿಂದ ಅವನು ಕಲಿತದ್ದೇ ಅಷ್ಟು.

"ಹೊಲಸಲ್ಲೋ ಅಪ್ಪಾ" ಎಂದೆ. ಆ ಮಾತನ್ನು ಅಂದು ಆಡಬೇಕಿತ್ತು, ಅತ್ತೆಯ ಎದುರಿಗೆ, ಮಾಸ್ತರು ಗೇಟಿನಾಚೆ ನಿಂತಿದ್ದಾಗ.