ಖುರಾನಾ ಸಾಹೇಬರ ಓಟಿಪಿ

ನನಗೆ ಮನೆ ಸಿಗದಂತೆ ಮತ ಹಾಕಲು ಹೊರಟವರಿಗೆ, ಮತ ಹಾಕುವುದು ಹೇಗೆಂದು ಒಬ್ಬರು ಫೋನಿನಲ್ಲಿ ತಾಳ್ಮೆಯಿಂದ ಹೇಳಿಕೊಡುತ್ತಿದ್ದರು. ನಾನು ಎದುರಿಗೇ ಕೂತು ದೋಸೆ ತಿನ್ನುತ್ತಿದ್ದೆ. ದೋಸೆ ಗಂಟಲಲ್ಲಿ ಇಳಿದೀತೇ?

ಮೊದಲಿನಿಂದ ಹೇಳುತ್ತೇನೆ. ನೋಯ್ಡಾದಲ್ಲಿ ನಾವು ಫ್ಲಾಟ್ ಬುಕ್ ಮಾಡಿದ್ದ ಬಿಲ್ಡರ್ ದಿವಾಳಿಯೆದ್ದ. ಕಟ್ಟಡ ಅರ್ಧಕ್ಕೆ ನಿಂತಿತು. ಇಂಥಾಗ ಕಾನೂನು ನಮ್ಮಂಥ ಖರೀದಿದಾರರನ್ನೂ ಸಾಲ ಕೊಟ್ಟವರೆಂದೇ ಎಣಿಸಿ, ಬ್ಯಾಂಕಿನವರ ಜೊತೆ ಸಮಿತಿಯಲ್ಲಿ ಕೂರಿಸುತ್ತದೆ. (ಇಡೀ ಜೀವಮಾನ ಸಾಲ ತೀರಿಸಿದವನಿಗೆ ಇದೊಂದು ಪ್ರಮೋಷನ್.) ನಮ್ಮ ಪಾಲೇ ದೊಡ್ಡದು. ಆದರೆ ನಮ್ಮಷ್ಟೂ ಜನರದು ಸೇರಿ ಒಂದೇ ಮತವೆಂದು ಲೆಕ್ಕ. ಮತ ಹಾಕಿದವರಲ್ಲಿ ಹೆಚ್ಚಿನ ಪಾಲು ಯಾವ ಕಡೆಗೋ, ಎಲ್ಲರದೂ ಆ ಕಡೆಗೇ. ಹಾಕದವರದೂ!

ಪ್ರಶ್ನೆ ಇಷ್ಟೇ. ಹೊಸ ಕಂಪನಿಯೊಂದು ಇನ್ನಷ್ಟು ಹಣ ಪಡೆದು ಮೂರು ವರ್ಷದಲ್ಲಿ ಮನೆ ಮುಗಿಸಿಕೊಡುತ್ತದಂತೆ, ಒಪ್ಪುವುದೋ? ಅಥವಾ ಎಲ್ಲ ಮಾರಿ, ಬಂದಷ್ಟು ಹಂಚಿಕೊಳ್ಳುವುದೋ? ನಾನು ಬರುವ ವರ್ಷ ನಿವೃತ್ತ. ದಿಲ್ಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸ್ ಬಿಡಬೇಕು. ಮೂರು ವರ್ಷ ಬಾಡಿಗೆಗಿದ್ದರೂ ಸೈ, ನನಗೆ ಮನೆಯೇ ಬೇಕು. ಬಂದಷ್ಟು ದುಡ್ಡಿಗೆ ಇಲ್ಲಿ ಬಾತ್‌ರೂಮೂ ಬರುವುದಿಲ್ಲ.

ದಿಲ್ಲಿಯದೇ ರೋಹಿಣಿ ಬಡಾವಣೆಯಲ್ಲಿ ಉಡುಪಿ ಹೋಟೆಲ್ ನಡೆಸುವ ಸುಮತಿಯಮ್ಮನೂ ನಮ್ಮ ಹಾಗೇ ಸಿಕ್ಕಿಬಿದ್ದವರು. ಮತದಾನ ಆನ್‌ಲೈನ್. ಇಮೇಲ್‌ನಲ್ಲಿ ಬಂದ ಲಿಂಕನ್ನು ಬಹಳ ಜನ ತೆರೆದೇ ಇರಲಿಲ್ಲ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ತನಕ ಹೋಟೆಲಿನವರಿಗೆ ಸಿಗುವುದು ಎರಡು ತಾಸಿನ ನಿದ್ದೆ. ಸುಮತಿಯಮ್ಮ ಅದನ್ನು ಬಿಟ್ಟು, ಗಲ್ಲಾದಲ್ಲಿ ಕೂತು, ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಫೋನ್ ಮಾಡಿದರು. ಹೀಗೇ ಹಾಕಿ ಎನ್ನುತ್ತಿರಲಿಲ್ಲ. ಏನೇನು ತಿಂಡಿ ಇದೆ ಎಂದು ಒಪ್ಪಿಸುವ ಹಾಗೆ ಎರಡೂ ದಾರಿ ಹೇಳಿ ಸುಮ್ಮನಾಗುವುದು. ಆರ್ಡರ್ ಗಿರಾಕಿಗೆ ಬಿಟ್ಟದ್ದು.

ಖುರಾನಾ ಸಾಹೇಬರು ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ‘ಮನೆ ಬೇಡ, ದುಡ್ಡು ಬೇಕು’ ಎಂದು ದಿನಾ ಬರೆಯುವವರು. ಓಟಿಪಿ ಬರುತ್ತಿಲ್ಲವೆಂದು ಕೈಚೆಲ್ಲಿದ್ದರು. (ನನಗೆ ಒಳಗೊಳಗೇ ಖುಷಿ.)

“ಭಾಯಿಸಾಬ್, ಸ್ಪ್ಯಾಮ್ ಮೇ ದೇಖಿಯೇ. ಮಿಲಾ? ಚಲೋ, ಅಬ್ ನಂಬರ್ ಡಾಲಿಯೇ,” ಎಂದು ಸುಮತಿಯಮ್ಮ ಹಿಂದಿಯಲ್ಲಿ ಸ್ಪ್ಯಾಮ್ ಹುಡುಕಿಸಿ, ಸಿಕ್ಕ ನಂಬರ್ ಹಾಕಿಸುತ್ತಿದ್ದರು.

ಫೋನ್ ಇಟ್ಟ ಮೇಲೆ ನಾನು ರೇಗಿದೆ. “ಅವರನ್ನ ಅಲ್ಲಿಗೇ ಬಿಟ್ಟಿದ್ರೆ ಒಂದು ವಿರೋಧ ಕಮ್ಮಿ ಆಗ್ತಿತ್ತಲ್ಲ?”

“ಅವರದ್ದೂ ದುಡ್ಡೇ ಅಲ್ವಾ ರಾಯರೇ? ಚಟ್ನಿ ಹಾಕಿಸ್ಲಾ?”

ಕಳೆದ ವಾರ ಫಲಿತಾಂಶ ಬಂತು. ಕೂದಲೆಳೆಯಲ್ಲಿ ಮನೆ ಗೆದ್ದಿತು. ಟ್ರಿಬ್ಯೂನಲ್‌ನ ಒಪ್ಪಿಗೆಯೊಂದು ಬಾಕಿ. ಮಿಠಾಯಿ ಡಬ್ಬಿ ಹಿಡಿದು ಮೆಟ್ರೋ ಹತ್ತಿ ರೋಹಿಣಿಗೆ ಹೋದೆ. ನಾವು ಗೆದ್ದೆವು ಎಂದೆ.

“ನಿಮಗೆ ಮನೆ ಆಯ್ತಲ್ಲ, ಸಂತೋಷ,” ಎಂದರು ಸುಮತಿಯಮ್ಮ. “ನಾನು ಬೇಡ ಅಂತ ಒತ್ತಿದ್ದೆ. ಹೋಟೆಲಿನ ಲೀಸ್ ಮುಗೀತಾ ಉಂಟು. ಬಂದಷ್ಟು ದುಡ್ಡು ಈಗಲೇ ಬಂದಿದ್ರೆ ಹೊಸ ಜಾಗದ ಅಡ್ವಾನ್ಸಿಗೆ ಆಗ್ತಿತ್ತು.”

ನಾನು ಮಿಠಾಯಿ ಡಬ್ಬಿಯನ್ನು ಗಲ್ಲಾದ ಮೇಲಿಟ್ಟೆ. ಅವರು ಫೋನ್ ಮಾಡಿ ಎಬ್ಬಿಸಿದವರಲ್ಲಿ ಮನೆ ಬೇಕೆಂದವರೇ ಹೆಚ್ಚು. ಅದು ಅವರಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. ಆದರೂ ಪಟ್ಟಿಯ ಕೊನೆಯ ಹೆಸರಿನ ತನಕ ಫೋನ್ ನಿಲ್ಲಿಸಲಿಲ್ಲ. ಸರ್ಕಾರಿ ನೌಕರಿಯಲ್ಲಿ ಎಷ್ಟೋ ಸಮಿತಿ ಕಂಡಿದ್ದೇನೆ, ಇಂಥ ಸದಸ್ಯರನ್ನು ಕಂಡಿರಲಿಲ್ಲ.

ನೀವೇ ಹೇಳಿ, ನನ್ನ ಗೃಹಪ್ರವೇಶಕ್ಕೆ ಅವರನ್ನು ಯಾವ ಮುಖ ಇಟ್ಟುಕೊಂಡು ಕರೆಯಲಿ?