ಗಾಡಿ ಮುಂದೆ, ಪಾರಿಸ ಅಣ್ಣಾ ಹಿಂದೆ

ಪಾರಿಸ ಮಗದುಮ್ ಅವರನ್ನು ನಾನು ಎಂಟು ವರ್ಷ ಜಂಬದ ಮನುಷ್ಯ ಎಂದೇ ತಿಳಿದಿದ್ದೆ. ಹಾಗೆ ತಿಳಿಯಲು ನನ್ನ ಹತ್ತಿರ ಪುರಾವೆ ಇತ್ತು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವನಾದ್ದರಿಂದ ನಾನು ಪುರಾವೆಯಿಲ್ಲದೆ ಯಾರನ್ನೂ ತಪ್ಪು ತಿಳಿಯುವುದಿಲ್ಲ.

ಸಾಂಗ್ಲಿಯ ವಿಶ್ರಾಮಬಾಗದ ನಮ್ಮ ಓಣಿಯಿಂದ ಯಾರದಾದರೂ ಮದುವೆಗೆ ದಿಬ್ಬಣ ಹೊರಟರೆ ಎಲ್ಲರೂ ಒಂದೇ ಬಸ್ಸಿನಲ್ಲಿ ಹಾಡುತ್ತ, ಚುರುಮುರಿ ತಿನ್ನುತ್ತ ಹೋಗುತ್ತಿದ್ದೆವು. ಪಾರಿಸ ಅಣ್ಣಾ ಮಾತ್ರ ತಮ್ಮ ರಾಜದೂತ ಮೋಟರ್‌ಸೈಕಲ್ ಮೇಲೆ ಬಸ್ಸಿನ ಹೊಗೆ ಕುಡಿಯುತ್ತ ಹಿಂದೆ ಬರುತ್ತಿದ್ದರು. ಇಚಲಕರಂಜಿಗೂ ಹಾಗೆಯೇ, ಬೆಳಗಾವಿಗೂ ಹಾಗೆಯೇ. ಸೋಲಾಪುರದ ಒಂದು ಮದುವೆಗೆ ಮಳೆಯಲ್ಲಿ ಬಂದು, ಮೈಯೆಲ್ಲ ಕೆಸರಾಗಿ, ಮದುಮಗನಿಗೆ ದೂರದಿಂದಲೇ ಅಕ್ಷತೆ ಎರಚಿದ್ದರು. ಮಿರಜಿನ ಡಾಕ್ಟರೊಬ್ಬರಿಂದ ಹಳೆಯ ಫಿಯಾಟ್ ಕೊಂಡ ಮೇಲೆ ಕಾರಿನಲ್ಲಿ ಬರತೊಡಗಿದರು, ಆದರೆ ಹಿಂದೆಯೇ. ಮಿರಜ ಜಂಕ್ಷನ್ ನಮಗೆ ಕೂಗಳತೆಯಲ್ಲಿದೆ, ಅಲ್ಲಿಂದ ಎಲ್ಲ ದಿಕ್ಕಿಗೂ ರೈಲು. ಅಣ್ಣಾ ನಮ್ಮನ್ನೆಲ್ಲ ಕಾರಿನಲ್ಲಿ ಸ್ಟೇಷನ್ನಿಗೆ ಬಿಟ್ಟು, ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆಸಿ, ನಮ್ಮ ಟ್ರಂಕುಗಳನ್ನು ಬೋಗಿಗೆ ಏರಿಸಿ ಇಳಿದುಬಿಡುತ್ತಿದ್ದರು. ರೈಲು ಹೊರಡುವ ತನಕ ಅದರೊಳಗೆ ನಿಂತದ್ದನ್ನು ಕಂಡವರಿಲ್ಲ. ನಮ್ಮ ಜೊತೆ ಬನ್ನಿ ಎಂದರೆ, ನೀವು ನಡೀರಿ, ನಾನು ಹಿಂದ ಬರ್ತೇನಿ ಎಂದು ನಗುತ್ತಿದ್ದರು. ಹೊಸದಾಗಿ ದುಡ್ಡು ಕಂಡವರು ಹೀಗೆಯೇ, ಸ್ವಂತ ಗಾಡಿಯನ್ನು ಊರಿಗೆಲ್ಲ ತೋರಿಸದೆ ಅವರಿಗೆ ಉಂಡದ್ದು ಅರಗುವುದಿಲ್ಲ ಎಂದು ನಾನು ತೀರ್ಮಾನಿಸಿದ್ದೆ.

೧೯೯೭ರ ಮಾರ್ಚಿನಲ್ಲಿ ಅಣ್ಣಾ ತಮ್ಮ ಫಿಯಾಟನ್ನು ಹಡಗಿನಲ್ಲಿ ಯುರೋಪಿಗೆ ಕಳಿಸುತ್ತಾರಂತೆ, ಅಲ್ಲಿ ಅದರಲ್ಲೇ ದೇಶದಿಂದ ದೇಶಕ್ಕೆ ತಿರುಗುತ್ತಾರಂತೆ ಎಂಬ ಸುದ್ದಿ ಬಂತು. ನನ್ನ ತೀರ್ಮಾನಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕೇ? ಆ ಸಂಜೆಯೇ, ಯಾರೂ ಕರೆಯದಿದ್ದರೂ, ಬುದ್ಧಿ ಹೇಳಲು ಅವರ ಮನೆಗೆ ಹೋದೆ.

ಅಣ್ಣಾ ಹತ್ತಿರದ ಸಮಡೋಳಿ ಹಳ್ಳಿಯವರು. ಅಲ್ಲಿ ನಾಲ್ಕು ಎಕರೆ ದ್ರಾಕ್ಷಿ ತೋಟ. ಮಕ್ಕಳ ಶಾಲೆಗಾಗಿ ವಿಶ್ರಾಮಬಾಗದಲ್ಲಿ ಮನೆ ಕಟ್ಟಿಸಿದ್ದರು. ದಿನಾ ಬೆಳಿಗ್ಗೆ ತೋಟಕ್ಕೆ ಹೋಗಿ, ಹೊತ್ತು ಮುಳುಗುವುದರೊಳಗೆ ಊಟಕ್ಕೆ ಮನೆ ಸೇರುವ ಜೈನ ಶ್ರಾವಕರು. ನಾನು ಹೋದಾಗ ಅವರ ಊಟ ಮುಗಿದಿತ್ತು. ಜಗತ್ತು ಈಗ ಒಂದೇ ಸಂತೆಯಾಗಿದೆ, ಯುರೋಪಿನಲ್ಲಿ ದಿನದ ಬಾಡಿಗೆಗೆ ಹೊಸ ಕಾರುಗಳು ಸಿಗುತ್ತವೆ, ಅಗ್ಗವಾಗಿ ಸಿಗುವುದನ್ನು ಇಲ್ಲಿಂದ ಹೊತ್ತೊಯ್ಯುವುದು ಅರ್ಥಶಾಸ್ತ್ರಕ್ಕೆ ವಿರುದ್ಧ ಎಂದು ಮುಕ್ಕಾಲು ತಾಸು ವಿವರಿಸಿದೆ. ಅಣ್ಣಾ ತಲೆಯಾಡಿಸುತ್ತ ಕೇಳಿದರು. ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಚಂದ್ರಾಬಾಯಿಯವರಿಗೆ ನನ್ನ ಮೇಲೆ ಕರುಣೆ ಬಂತು.

"ಸರ, ಇವರ್ದು ವ್ರತ ಐತ್ರಿ. ನಿಮಗ ಗೊತ್ತೈತಿ ಅಂತ ತಿಳಕೊಂಡಿದ್ನಿ ನಾ."

ಸಂಗತಿ ಇಷ್ಟು. ೧೯೭೪ರ ಚಾತುರ್ಮಾಸದಲ್ಲಿ ಸಮಡೋಳಿಗೆ ಒಬ್ಬ ಮುನಿ ಮಹಾರಾಜರು ಬಂದು ನೆಲೆಸಿದ್ದರು. ಊರಿನ ಗೃಹಸ್ಥರು ಅವರ ಮುಂದೆ ದಿಗ್ವ್ರತ ತೆಗೆದುಕೊಂಡರು. ನಾಲ್ಕೂ ದಿಕ್ಕಿಗೆ ಒಂದೊಂದು ಗಡಿ ಹಾಕಿಕೊಳ್ಳುವುದು, ಬದುಕಿರುವ ತನಕ ಅದರಾಚೆ ಕಾಲಿಡದಿರುವುದು. ತಿರುಗಾಟ ಕಡಿಮೆಯಾದರೆ ಆಸೆಯೂ ಕಡಿಮೆಯಾಗುತ್ತದೆ ಎಂಬ ಲೆಕ್ಕ. ಹಿರಿಯರು ಉತ್ತರಕ್ಕೆ ಶಿಖರಜಿ, ದಕ್ಷಿಣಕ್ಕೆ ಶ್ರವಣಬೆಳಗೊಳ ಎಂದು ತೀರ್ಥಗಳ ಹೆಸರು ಹೇಳಿದರು. ಪಾರಿಸನಿಗೆ ಆಗ ಇಪ್ಪತ್ನಾಲ್ಕು. ಹೊಚ್ಚಹೊಸ ರಾಜದೂತ ಬಸದಿಯ ಹೊರಗೆ ನಿಂತಿತ್ತು, ಮನಸ್ಸು ಅದರ ಮೇಲೆಯೇ ಇತ್ತು. ನನ್ನ ಸ್ವಂತ ಗಾಡಿ ಹೋಗಿ ಮುಟ್ಟುವ ತನಕ ಮಹಾರಾಜ, ಅದರ ಮುಂದೆ ಒಂದು ಹೆಜ್ಜೆ ಇಡುವುದಿಲ್ಲ ಎಂದುಬಿಟ್ಟ. ಜನ ನಕ್ಕರು. ಮಹಾರಾಜರು ನಗಲಿಲ್ಲ, ನವಿಲುಗರಿಯ ಪಿಂಛಿ ಎತ್ತಿ ವ್ರತ ಕೊಟ್ಟೇಬಿಟ್ಟರು.

ಅಂದಿನಿಂದ ಅಣ್ಣಾ ಗಾಡಿಯನ್ನು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಅವರು ಆಸೆಗೆ ಹಾಕಿಕೊಂಡ ಬೇಲಿಯನ್ನು ನಾನು ಎಂಟು ವರ್ಷ ಆಸೆ ಎಂದೇ ಓದಿದ್ದೆ. ಕೊಟ್ಟ ಚಹಾವನ್ನು ಸದ್ದು ಮಾಡದೆ ಕುಡಿದೆ.

ಆದರೆ ವ್ರತ ಇದ್ದವರು ಮನೆಯಲ್ಲೇ ಇರಬಹುದಲ್ಲ, ಯುರೋಪು ಏಕೆ? ಅದಕ್ಕೆ ಕಾರಣ ಹಿಂದಿನ ವರ್ಷದ ದ್ರಾಕ್ಷಿ. ಆಗ ನಮ್ಮ ಕಡೆಯ ದ್ರಾಕ್ಷಿಗೆ ಹೊರದೇಶದ ಬಾಗಿಲು ತೆರೆದಿತ್ತು. ಡಬ್ಬಿಗಳ ಮೇಲೆ ಬೆಳೆಗಾರನ ನಂಬರು ಒತ್ತಿ, ತಂಪು ಕಂಟೇನರಿನಲ್ಲಿ ಹಾಲೆಂಡಿಗೆ ಕಳಿಸುತ್ತಿದ್ದರು. ಅಣ್ಣಾನ ಮೊದಲ ಮಾಲು ಹೋಗಿ ತಿಂಗಳಾದ ಮೇಲೆ ಒಂದು ಫ್ಯಾಕ್ಸ್ ಬಂತು: ನೂರಾ ಹದಿನೇಳನೆಯ ನಂಬರಿನ ದ್ರಾಕ್ಷಿ ಕೆಟ್ಟಿದೆ, ಎಸೆಯಲಾಗಿದೆ. ಬೆಳೆಗಾರರ ಸಂಘದ ಅಧ್ಯಕ್ಷರಾದ ಬುಧಗಾಂವದ ಅಪ್ಪಾಸಾಬರು, ಏಪ್ರಿಲ್ ಬಿಸಿಲಲ್ಲೂ ಟೈ ಕಟ್ಟುವವರು, ಫ್ಯಾಕ್ಸನ್ನು ತುಂಬಿದ ಸಭೆಯಲ್ಲಿ ಓದಿ, ಸಮಡೋಳಿ ನೀರಿನ ಗುಣವೇ ಅಂಥದ್ದು ಎಂದು ವ್ಯಾಖ್ಯಾನ ಮಾಡಿದರು. ಅಣ್ಣಾ ಆ ವರ್ಷ ಕತ್ತರಿಯಲ್ಲಿ ಒಂದೊಂದು ಗೊನೆಯನ್ನೂ ತಾವೇ ತಿದ್ದಿದ್ದರು. ಸಭೆಯಿಂದ ಎದ್ದು ಬಂದಿದ್ದರು. ನನಗೆ ಈಗ ಹೇಳಿದರು:

"ಫ್ಯಾಕ್ಸಿನಾಗ ಏನ ಬೇಕಾದ್ದು ಬರೀಬಹುದು ಸರ. ನನ್ನ ಮಾಲು ಮಂದಿ ಬಾಯಾಗ ಹೊಕ್ಕೈತೋ ತಿಪ್ಪಿಗೆ ಹೊಕ್ಕೈತೋ, ಒಮ್ಮೆ ನನ್ನ ಕಣ್ಣಲೆ ನೋಡಬೇಕ್ರಿ. ತಿಪ್ಪಿಗೆ ಹೊಕ್ಕಿತ್ತಂದ್ರ ಬಳ್ಳಿ ಕಿತ್ತು ಜ್ವಾಳ ಬಿತ್ತತೇನಿ."

ಈ ವರ್ಷದ ಮಾಲಿನ ಕೊನೆಯ ಕಂತು ಏಪ್ರಿಲ್ ಕೊನೆಗೆ ಹಾಲೆಂಡ್ ಮುಟ್ಟುತ್ತಿತ್ತು. ಒಂದು ವಾರ ಅಂಗಡಿಗಳಲ್ಲಿ ಇರುತ್ತಿತ್ತು. ಅಷ್ಟರೊಳಗೆ ಅಲ್ಲಿರಬೇಕು.

ಕಾರಿಗೆ ಪರದೇಶದ ಕಾಗದ ಮಾಡಿಸುವುದು ಸುಲಭವಾಯಿತು. ದ್ರಾಕ್ಷಿ ಕಳಿಸುವ ಮುಂಬಯಿಯ ಏಜೆಂಟರೇ ಕಾರನ್ನೂ ಕಂಟೇನರಿಗೆ ಹಾಕಿ ಇಟಲಿಯ ಜಿನೋವಾ ಬಂದರಿಗೆ ಕಳಿಸಲು ಒಪ್ಪಿದರು. ಕಷ್ಟವಾದದ್ದು ಧರ್ಮಸೂಕ್ಷ್ಮ. ಆ ಹಡಗಿನಲ್ಲಿ ಮನುಷ್ಯರಿಗೆ ಜಾಗವಿರಲಿಲ್ಲ. ಗಾಡಿಯ ಜೊತೆ ತಾವಿಲ್ಲದಿದ್ದರೆ ವ್ರತ ಮುರಿಯುತ್ತದೆ ಎಂದು ಅಣ್ಣಾ ಎರಡು ದಿನ ಮಂಕಾಗಿ ಕೂತರು. ತೀರ್ಪು ಕೊಟ್ಟವರು ಚಂದ್ರಾಬಾಯಿ. ನೀವು ಹೇಳಿದ್ದು ಗಾಡಿ ಮುಟ್ಟುವ ತನಕ ಎಂದು, ಗಾಡಿ ಮೇಲೆ ಕೂತು ಎಂದಲ್ಲ. ಅದು ಮೊದಲು ಮುಟ್ಟಲಿ. ಮುಟ್ಟಿದ ಮೇಲೆ ನಾವು ಹೇಗೆ ಹೋದರೂ ಗಡಿಯೊಳಗೇ.

ಅಣ್ಣಾ ಲೆಕ್ಕ ಹಾಕಿ, ಹಾಗಾದರೆ ಒಮ್ಮೆ ಮೋಟರ್‌ಸೈಕಲ್ ಮೇಲೆ ಹೋಗಿಬಂದ ಸೋಲಾಪುರಕ್ಕೆ ಎರಡನೆಯ ಸಲ ರೈಲಿನಲ್ಲಿ ಹೋಗಬಹುದಿತ್ತೇ ಎಂದು ಕೇಳಿದರಂತೆ. ಹೋಗಬಹುದಿತ್ತು ಎಂದರು ಚಂದ್ರಾಬಾಯಿ. ಇಪ್ಪತ್ಮೂರು ವರ್ಷ ನಾನು ಮಳೆಯಲ್ಲಿ ನೆನೆದದ್ದು ನೋಡುತ್ತ ಸುಮ್ಮನಿದ್ದೆಯಲ್ಲ ಎಂದಾಗ ಆಕೆ ಹೇಳಿದ ಮಾತು ನಮ್ಮ ಓಣಿಯಲ್ಲಿ ಈಗಲೂ ಓಡಾಡುತ್ತಿದೆ: "ನೀವು ಕೇಳಿದ್ರ ಹೇಳತಿದ್ನಿ."

ಮಾರ್ಚ್ ಕೊನೆಗೆ ಅಣ್ಣಾ ಫಿಯಾಟನ್ನು ಮುಂಬಯಿಗೆ ಓಡಿಸಿಕೊಂಡು ಹೋಗಿ ಬಿಟ್ಟು, ಬಸ್ಸಿನಲ್ಲಿ ಮರಳಿದರು. ಏಪ್ರಿಲ್ ಇಪ್ಪತ್ತಕ್ಕೆ ಅದು ಜಿನೋವಾ ಮುಟ್ಟಬೇಕಿತ್ತು. ಅಪ್ಪಾಸಾಬರ ಸಂಘದವರ ಯುರೋಪಿನ ಅಧ್ಯಯನ ಪ್ರವಾಸ ಇಪ್ಪತ್ತೆಂಟಕ್ಕೆ ಹೊರಡುತ್ತಿತ್ತು, ಅದೇ ವಿಮಾನದಲ್ಲಿ ಇವರಿಬ್ಬರಿಗೂ ಟಿಕೆಟ್. ಇಪ್ಪತ್ತು ಹೋಯಿತು, ಇಪ್ಪತ್ತೈದು ಹೋಯಿತು. ನಡುವೆ ಯಾವುದೋ ಬಂದರಿನಲ್ಲಿ ಹಡಗು ಸರದಿಗೆ ಕಾಯುತ್ತಿದೆ ಎಂದು ಏಜೆಂಟರು ಫೋನಿನಲ್ಲಿ ಹೇಳಿದರು. ನಮ್ಮ ಕಾಲೇಜಿನ ಎದುರಿನ ಎಸ್‌ಟಿಡಿ ಬೂತಿಗೆ ಅಣ್ಣಾ ಬೆಳಿಗ್ಗೆ ಸಂಜೆ ಹೋಗಿ ಫ್ಯಾಕ್ಸ್ ಯಂತ್ರದ ಮುಂದೆ ದೇವರ ಮುಂದೆ ಕೂತಂತೆ ಕೂರುತ್ತಿದ್ದರು. ಅದು ಕಿರ್ ಎಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದರು. ಬಂದದ್ದೆಲ್ಲ ಬೇರೆಯವರದು.

ಇಪ್ಪತ್ತೇಳರ ಸಂಜೆ ಅಪ್ಪಾಸಾಬರೇ ಮನೆಗೆ ಬಂದರು. ಒಂದು ದಿನ ಹಿಂದೆ ಮುಂದೆ ಆದರೆ ಏನಾಯಿತು, ನಾವು ವಿಮಾನ ಇಳಿಯುವಷ್ಟರಲ್ಲಿ ಗಾಡಿಯೂ ಬಂದಿರುತ್ತದೆ, ತಡ ಮಾಡಿದರೆ ನಿಮ್ಮ ದ್ರಾಕ್ಷಿ ಮುಗಿದು ಹೋಗುತ್ತದೆ ಎಂದು ನಿಜವಾದ ಕಾಳಜಿಯಿಂದಲೇ ಹೇಳಿದರು. ಎಂದಿನಂತೆ ನಾನೂ ಅಲ್ಲಿದ್ದು ಹೌದೌದು ಎಂದೆ.

"ಯಾರ ನೋಡಾಕ ಬರ್ತಾರ ಮಗದುಮ್?" ಎಂದರು ಅಪ್ಪಾಸಾಬರು.

"ನಾ ಬಂದಿರ್ತೇನಲ್ರಿ," ಎಂದರು ಅಣ್ಣಾ.

ಮರುದಿನ ಹಾರ ಹಾಕಿಕೊಂಡ ಪ್ರವಾಸಿಗರನ್ನು ಮಿರಜ ಸ್ಟೇಷನ್ನಿನಲ್ಲಿ ಬೀಳ್ಕೊಟ್ಟೆವು. ಅಣ್ಣಾ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆಸಿ ಎಲ್ಲರ ಟ್ರಂಕು ಏರಿಸಿ ಇಳಿದರು.

ಫ್ಯಾಕ್ಸ್ ಬಂದದ್ದು ಮೇ ನಾಲ್ಕಕ್ಕೆ. ಒಂದೇ ಸಾಲು: ಕಾರು ಇಳಿದಿದೆ. ಚಂದ್ರಾಬಾಯಿ ಗಂಟು ಕಟ್ಟಿ ವಾರವಾಗಿತ್ತು. ಆ ರಾತ್ರಿಯೇ ಪಾರಿಸ ಅಣ್ಣಾ ನಲವತ್ತೇಳನೆಯ ವಯಸ್ಸಿನಲ್ಲಿ, ಗಾಡಿ ಮೊದಲೇ ಮುಟ್ಟಿಬಂದ ಮುಂಬಯಿಗೆ, ಮೊದಲ ಸಲ ರೈಲು ಹತ್ತಿ ಕೂತರು. ಈ ಸಲ ಟ್ರಂಕು ಏರಿಸಿದವನು ನಾನು.

ಮುಂದಿನದು ಚಂದ್ರಾಬಾಯಿಯವರಿಂದ ಕೇಳಿದ್ದು. ಅಣ್ಣಾನನ್ನು ಕೇಳಿದರೆ ರಸ್ತೆ ಚಲೋ ಇದ್ದುವು ಎನ್ನುತ್ತಾರೆ ಅಷ್ಟೆ.

ಜಿನೋವಾ ಬಂದರಿನ ಕಾವಲುಗಾರ ಮುದುಕ ಫಿಯಾಟನ್ನು ನೋಡಿ ಒಂದು ಸುತ್ತು ಹಾಕಿ, ಬಾನೆಟ್ಟಿನ ಮೇಲೆ ಕೈಯಿಟ್ಟು ಹಾಗೇ ನಿಂತನಂತೆ. ಫಿಯಾಟ್ ಮೂಲದಲ್ಲಿ ಅವರ ದೇಶದ್ದೇ, ಆದರೆ ಆ ಆಕಾರದ ಕಾರು ಅವರ ಊರಲ್ಲಿ ಕಾಣೆಯಾಗಿ ಎಷ್ಟೋ ವರ್ಷವಾಗಿತ್ತು. ಅವನು ಕೂಗಿ ಕರೆದ ಮೇಲೆ ಇನ್ನೂ ನಾಲ್ಕು ಮುದುಕರು ಬಂದರು. ಒಬ್ಬ ಗಾಜು ಒರೆಸಿದ, ಒಬ್ಬ ನೀರು ತುಂಬಿದ, ಒಬ್ಬ ಸುಮ್ಮನೆ ಹಾರ್ನ್ ಒತ್ತಿ ಕಣ್ಣು ಒರೆಸಿಕೊಂಡ. ತವರಿಗೆ ಬಂದ ಮಗಳನ್ನು ಕಳಿಸುವಂತೆ ರಸ್ತೆ ತಿರುವಿನ ತನಕ ಹಿಂದೆ ನಡೆದುಬಂದರು.

ಅಲ್ಲಿ ಬಲಗಡೆ ಓಡಿಸಬೇಕು, ನಮ್ಮ ಕಾರಿನ ಸ್ಟಿಯರಿಂಗೂ ಬಲಗಡೆ. ಹೀಗಾಗಿ ಮುಂದಿನ ಲಾರಿ ದಾಟಬೇಕೆಂದರೆ ಎದುರಿನ ರಸ್ತೆ ಅಣ್ಣಾಗೆ ಕಾಣುತ್ತಿರಲಿಲ್ಲ, ಎಡಕ್ಕೆ ಕೂತ ಚಂದ್ರಾಬಾಯಿಗೆ ಕಾಣುತ್ತಿತ್ತು. ಆಕೆ ಕುತ್ತಿಗೆ ಚಾಚಿ "ಹೂಂ, ಹೋಗ್ರಿ" ಎಂದರೆ ಹೋಗುವುದು, "ಬ್ಯಾಡ, ಬರಾಕತ್ತಾವ" ಎಂದರೆ ನಿಲ್ಲುವುದು. ಮೂರು ದೇಶಗಳನ್ನು ಅವರು ಹಾಗೆ ದಾಟಿದರು. ತನ್ನ ಮಾತನ್ನು ಗಂಡ ಇಷ್ಟು ಚಾಚೂತಪ್ಪದೆ ಕೇಳಿದ ಐದು ದಿನ ಲಗ್ನವಾದ ಮೇಲೆ ಅವೇ ಮೊದಲು ಎಂದು ಆಕೆ ಹೇಳಿದರು.

ಅಲ್ಲಿ ಮೇ ತಿಂಗಳಲ್ಲಿ ರಾತ್ರಿ ಒಂಬತ್ತಾದರೂ ಸೂರ್ಯ ಇರುತ್ತಾನೆ. ಎಂಟೂವರೆಗೆ ಊಟ ಮಾಡಿದರೂ ದೋಷವಿಲ್ಲ ಎಂದು ಅಣ್ಣಾ ಹಿಗ್ಗಿದರು. ಚಂದ್ರಾಬಾಯಿ ಒಪ್ಪಲಿಲ್ಲ, ಹೊಟ್ಟೆ ಸಾಂಗ್ಲಿಯದು ಎಂದು ಆರೂವರೆಗೇ ರಸ್ತೆ ಬದಿಗೆ ಗಾಡಿ ನಿಲ್ಲಿಸಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದರು. ಒಂದು ದಿನ ಮಾತ್ರ ಆ ಹೊತ್ತಿಗೆ ಹತ್ತು ಮೈಲಿ ಉದ್ದದ ಸುರಂಗದಲ್ಲಿದ್ದರು. ಹಸಿದ ಅಣ್ಣಾ ಓಡಿಸುತ್ತಲೇ ರೊಟ್ಟಿ ಕೇಳಿದರೆ, ಸೂರ್ಯ ಕಾಣದ ಕಡೆ ಊಟವಿಲ್ಲ ಎಂದು ಆಕೆ ಡಬ್ಬಿಯ ಮೇಲೆ ಕೈಯಿಟ್ಟು ಣಮೋಕಾರ ಮಂತ್ರ ಹೇಳುತ್ತ ಕೂತರಂತೆ.

ಏಜೆಂಟರು ಬರೆದುಕೊಟ್ಟ ಅಂಗಡಿ ಹಾಲೆಂಡಿನ ಒಂದು ಸಣ್ಣ ಊರಿನಲ್ಲಿತ್ತು. ಹನ್ನೆರಡರ ಬೆಳಿಗ್ಗೆ ಮುಟ್ಟಿದರು. ಸೇಬು ಇತ್ತು, ಕಿತ್ತಳೆ ಇತ್ತು, ದ್ರಾಕ್ಷಿ ಇರಲಿಲ್ಲ. ಅಣ್ಣಾ ಜೇಬಿನಿಂದ ತಮ್ಮ ತೋಟದ ಫೋಟೋ ತೆಗೆದು ತೋರಿಸಿದರು. ಅಂಗಡಿಯ ದಪ್ಪ ಹೆಂಗಸು ನೋಡಿ, ಕ್ಯಾಲೆಂಡರಿನ ಹತ್ತಿರ ಹೋಗಿ ಒಂಬತ್ತನೆಯ ತಾರೀಖಿನ ಮೇಲೆ ಬೆರಳಿಟ್ಟಳು. ಆಮೇಲೆ ಒಂದೊಂದೇ ಹಣ್ಣು ಬಾಯಿಗೆ ಹಾಕಿಕೊಂಡಂತೆ ಮಾಡಿ, ಎರಡೂ ಕೈ ಖಾಲಿ ಎಂದು ತೋರಿಸಿದಳು. ಮೂರು ದಿನ ತಡವಾಗಿತ್ತು.

ಅಷ್ಟರಲ್ಲಿ ಚಂದ್ರಾಬಾಯಿಯ ಕಣ್ಣಿಗೆ ಮೂಲೆಯಲ್ಲಿದ್ದ ಡಬ್ಬಿ ಬಿತ್ತು. ಅದರ ಮೇಲೆ ಒತ್ತಿದ್ದ ನಂಬರು ನೂರಾ ಹದಿನೇಳು. ಒಳಗೆ ತುಂಬಿದ್ದು ಉಳ್ಳಾಗಡ್ಡಿ. ಜೈನರಿಗೆ ವರ್ಜ್ಯವೆಂದು ತಮ್ಮ ಮನೆಯ ಹೊಸ್ತಿಲು ಎಂದೂ ದಾಟದ ಉಳ್ಳಾಗಡ್ಡಿ ತಮ್ಮದೇ ಡಬ್ಬಿಯಲ್ಲಿ. ಅಣ್ಣಾ ಬಗ್ಗಿ ಡಬ್ಬಿಯನ್ನು ಮುಟ್ಟಿ ಮುಟ್ಟಿ ನೋಡಿದರು. ಗಿರಾಕಿಗೆ ಉಳ್ಳಾಗಡ್ಡಿ ಬೇಕಾಗಿದೆ ಎಂದುಕೊಂಡ ಆ ಹೆಂಗಸು ಒಂದು ಕಿಲೋ ತೂಗಿ ಕೈಗಿಟ್ಟಳು. ಬೇಡವೆಂದು ಅವಳ ಮನಸ್ಸು ನೋಯಿಸಲಾರದೆ ದುಡ್ಡು ಕೊಟ್ಟು ತಂದರು. ಸಮಡೋಳಿಯ ಇಬ್ಬರು ಶ್ರಾವಕರು ಡಿಕ್ಕಿಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡು, ಪೆಟ್ರೋಲ್ ಪಂಪಿನವನೊಬ್ಬ ಅದನ್ನು ತೆಗೆದುಕೊಳ್ಳಲು ಒಪ್ಪುವ ತನಕ ಅರ್ಧ ದಿನ ತಿರುಗಿದರು.

ಜೂನಿನಲ್ಲಿ ಸಂಘದವರು ಪ್ರವಾಸದಿಂದ ಬಂದವರಿಗೆಲ್ಲ ಸತ್ಕಾರ ಇಟ್ಟುಕೊಂಡರು. ಅಪ್ಪಾಸಾಬರು ಗೋಪುರಗಳ ಮುಂದೆ ನಿಂತ ತಮ್ಮ ಫೋಟೋಗಳನ್ನು ತೋರಿಸುತ್ತ ಒಂದು ತಾಸು ಮಾತಾಡಿದರು. ಅಣ್ಣಾನನ್ನು ಸಂದರ್ಶನ ಮಾಡುವ ಕೆಲಸ, ವಿದ್ವಾಂಸನೆಂದು, ನನಗೆ ಬಿತ್ತು. ಹಿಂದಿನ ರಾತ್ರಿ ಕೂತು ಪ್ರಶ್ನೆ ಬರೆದಿದ್ದೆ. ಶಾಲು ಹೊದ್ದು ಬೆವರುತ್ತ ಕೂತಿದ್ದ ಅವರ ಮುಂದೆ ಮೈಕು ಹಿಡಿದು, ಅಣ್ಣಾ, ಟಿಕೆಟ್ ಕೈಯಲ್ಲಿದ್ದರೂ ವ್ರತಕ್ಕಾಗಿ ನೀವು ಕಾದಿರಿ, ಅಷ್ಟು ದೇಶ ದಾಟಿ ಹೋದಿರಿ, ಆದರೆ ಮೂರೇ ದಿನ ತಡವಾಗಿ ದ್ರಾಕ್ಷಿ ಕಾಣುವ ಭಾಗ್ಯ ತಪ್ಪಿತು, ಆ ಖಾಲಿ ಅಂಗಡಿಯಲ್ಲಿ ನಿಂತಾಗ ನಿಮ್ಮ ಹೃದಯದಲ್ಲಿ ಎಂಥ ನಿರಾಶೆ ತುಂಬಿತು ಎಂದು ಕೇಳಿದೆ. ಪ್ರಶ್ನೆಯ ಗಾಂಭೀರ್ಯ ನನಗೇ ಹಿಡಿಸಿತ್ತು.

ಅಣ್ಣಾ ಮೈಕನ್ನು ಸ್ವಲ್ಪ ದೂರ ಸರಿಸಿದರು.

"ದ್ರಾಕ್ಷಿ ನೋಡಾಕ ಸಮಡೋಳಿ ಸಾಕಾಗಿತ್ರಿ ಸರ. ನಾ ಹೋಗಿದ್ದು ಅವು ಮುಗದದ್ದು ನೋಡಾಕ."